ಹತ್ತಿರದ ಹಾರಾಟ, ದೂರದ ಹಾರಾಟ: ದೇಹಕ್ಕೆ ಯಾವುದು ಭಾರ?

ಮಗಳಿಗೆ ವಿಮಾನ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು ಎಂದೊಡನೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ಸಂಬಳದ್ದು. ಎರಡನೆಯದು, ‘ಫಾರಿನ್ ಫ್ಲೈಟೋ, ಇಲ್ಲೇ ದೇಶದೊಳಗೋ?’ ಎಂಬುದು. ಫಾರಿನ್ ಎಂದರೆ ಮನೆಯವರ ಮುಖದಲ್ಲಿ ಹೆಮ್ಮೆ. ದೇಶದೊಳಗೆ ಎಂದರೆ, ‘ಹೋಗಲಿ ಬಿಡಿ, ರಾತ್ರಿ ಮನೆಗೆ ಬಂದು ಮಲಗುತ್ತಾಳಲ್ಲ’ ಎಂಬ ಸಮಾಧಾನ. ದೂರದ ಹಾರಾಟ ದೇಹಕ್ಕೆ ಕಷ್ಟ, ಹತ್ತಿರದ ಹಾರಾಟ ಸುಲಭ ಎಂಬ ನಂಬಿಕೆ ಎರಡೂ ಮಾತಿನ ಹಿಂದಿದೆ.

ಈ ನಂಬಿಕೆ ಅರ್ಧ ಮಾತ್ರ ನಿಜ. ನಮ್ಮ ದೇಹಕ್ಕೆ ಕಿಲೋಮೀಟರುಗಳ ಲೆಕ್ಕ ತಿಳಿಯದು. ಅದಕ್ಕೆ ತಿಳಿದಿರುವುದು ಬೆಳಕು, ಕತ್ತಲೆ, ಊಟದ ಹೊತ್ತು ಮತ್ತು ನಿದ್ದೆಯ ಹೊತ್ತು. ಆದ್ದರಿಂದ ಪೈಲಟ್ ಆಗಲಿ, ಗಗನಸಖಿಯಾಗಲಿ, ಎಷ್ಟು ದೂರ ಹಾರುತ್ತಾರೆ ಎನ್ನುವುದಕ್ಕಿಂತ ದಿನದ ಯಾವ ಗಂಟೆಗಳಲ್ಲಿ ಹಾರುತ್ತಾರೆ, ಎರಡು ಹಾರಾಟಗಳ ನಡುವೆ ಎಷ್ಟು ನಿದ್ದೆ ಮಾಡುತ್ತಾರೆ ಎಂಬುದೇ ಅವರ ಆರೋಗ್ಯವನ್ನು ನಿರ್ಧರಿಸುತ್ತದೆ. ಅವರ ಹಿಂದೆ ಕುಳಿತ ಪ್ರಯಾಣಿಕರ ಕ್ಷೇಮವನ್ನೂ.

ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಕಹಿ ನೆನಪಿದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಬದುಕುಳಿದವರು ಎಂಟೇ ಜನ. ಅದು ದೂರದ ಹಾರಾಟವೇನೂ ಅಲ್ಲ, ಮೂರೂವರೆ ಗಂಟೆಯ ದಾರಿ. ಆದರೆ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ವಿಮಾನ ಒಯ್ದ ಸಿಬ್ಬಂದಿಯೇ ರಾತ್ರೋರಾತ್ರಿ ಅದನ್ನು ವಾಪಸು ತರುತ್ತಿದ್ದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದರು ಎಂಬುದು ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯಿಂದ ತನಿಖೆಗೆ ತಿಳಿಯಿತು. ವಿಮಾನ ಸರಿಯಾದ ಎತ್ತರಕ್ಕಿಂತ ಮೇಲಿತ್ತು. ಸಹ ಪೈಲಟ್ ಮತ್ತೆ ಮೇಲೇರುವಂತೆ ಎಚ್ಚರಿಸಿದರೂ ಇಳಿಸುವ ಪ್ರಯತ್ನವನ್ನು ಕೈಬಿಡಲಿಲ್ಲ. ಅಪಘಾತಕ್ಕೆ ನೇರ ಕಾರಣ ಇದು. ಇದರ ಹಿಂದಿನ ಕಾರಣಗಳಲ್ಲಿ ದೀರ್ಘ ನಿದ್ದೆಯಿಂದ ಎದ್ದಾಗಿನ ಮಂಪರನ್ನೂ ತನಿಖಾ ಸಮಿತಿ ಹೆಸರಿಸಿತು.

ಗಾಢ ನಿದ್ದೆಯಿಂದ ಥಟ್ಟನೆ ಎದ್ದವರಿಗೆ ಕಣ್ಣು ತೆರೆದಿರುತ್ತದೆ, ಬುದ್ಧಿ ತೆರೆದಿರುವುದಿಲ್ಲ. ಹದಿನೈದು ನಿಮಿಷದಿಂದ ಅರ್ಧ ಗಂಟೆಯವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಂದಿರುತ್ತದೆ. ನಿದ್ದೆಯ ಮಂಪರು ಎಂದು ನಾವೆಲ್ಲ ಹೇಳುವುದು ಇದನ್ನೇ. ನಸುಕಿನಲ್ಲಿ ಇದರ ಪ್ರಭಾವ ಮತ್ತಷ್ಟು ಜೋರು. ಏಕೆ?

ಮೆದುಳಿನೊಳಗಿನ ಗಡಿಯಾರ

ಮೆದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಒಂದು ಜೋಡಿ ನರಕೋಶಗಳ ಗುಂಪಿದೆ. ಇದೇ ದೇಹದ ಮುಖ್ಯ ಗಡಿಯಾರ. ಅದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಪ್ರತಿದಿನ ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಸರಿಹೊಂದಿಕೊಳ್ಳುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸಿ, ‘ಇನ್ನು ರಾತ್ರಿ’ ಎಂದು ದೇಹಕ್ಕೆಲ್ಲ ಸುದ್ದಿ ಮುಟ್ಟಿಸುತ್ತದೆ. ಯಕೃತ್ತು, ಜಠರ, ಮೇದೋಜೀರಕ ಗ್ರಂಥಿಗಳಿಗೂ ತಮ್ಮದೇ ಸಣ್ಣ ಗಡಿಯಾರಗಳಿವೆ. ಇವು ಹೆಚ್ಚಾಗಿ ಊಟದ ಹೊತ್ತನ್ನು ಅನುಸರಿಸುತ್ತವೆ. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ದೊರೆಯಿತು.

ಈ ಗಡಿಯಾರದ ಪ್ರಕಾರ ರಾತ್ರಿ ಎರಡರಿಂದ ಬೆಳಿಗ್ಗೆ ಆರರ ನಡುವಿನ ಅವಧಿ ದೇಹದ ಅತಿ ಮಂದ ಕಾಲ. ಆಗ ಮೈಯ ಉಷ್ಣತೆ ಕೆಳಗಿಳಿದಿರುತ್ತದೆ, ಗಮನ ಚದುರುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ. ಎಷ್ಟೇ ಅನುಭವವಿರಲಿ, ಎಷ್ಟೇ ಕಾಫಿ ಕುಡಿದಿರಲಿ, ಈ ಇಳಿತವನ್ನು ಪೂರ್ತಿ ಗೆಲ್ಲಲಾಗದು. ಮಂಗಳೂರಿನ ಆ ವಿಮಾನ ನೆಲ ಮುಟ್ಟಿದ್ದು ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ.

ಇನ್ನೊಂದು ಲೆಕ್ಕ ಕೇಳಿ. ಹದಿನೇಳು ಗಂಟೆ ಸತತವಾಗಿ ಎಚ್ಚರವಾಗಿದ್ದ ವ್ಯಕ್ತಿಯ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05 ಮದ್ಯಸಾರ ಇರುವವನಷ್ಟೇ ಕುಂದಿರುತ್ತದೆ ಎಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿರುವ ಮಿತಿ ಶೇಕಡ 0.03. ಕುಡಿದು ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ನಿದ್ದೆಗೆಟ್ಟು ಓಡಿಸುವವರನ್ನು ಊದಿಸಿ ಪತ್ತೆ ಹಚ್ಚುವ ಉಪಕರಣ ಇನ್ನೂ ಬಂದಿಲ್ಲ.

ಹತ್ತಿರದ ಹಾರಾಟದವರ ದಿನ

ಈಗ ದೇಶದೊಳಗೆ ಹಾರುವವರನ್ನು ನೋಡೋಣ. ಬೆಂಗಳೂರಿನಿಂದ ಬೆಳಿಗ್ಗೆ ಐದೂವರೆಗೆ ಹೊರಡುವ ವಿಮಾನವೆಂದು ಇಟ್ಟುಕೊಳ್ಳಿ. ಸಿಬ್ಬಂದಿ ನಾಲ್ಕೂವರೆಗೆಲ್ಲ ಹಾಜರಿರಬೇಕು. 2008ರಲ್ಲಿ ವಿಮಾನ ನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದ ಮೇಲೆ ಜಯನಗರದಲ್ಲೋ ಬನಶಂಕರಿಯಲ್ಲೋ ಮನೆ ಇರುವವರ ಬಾಗಿಲಿಗೆ ಕಾರು ಮೂರು ಗಂಟೆಗೇ ಬಂದು ನಿಲ್ಲುತ್ತದೆ. ಸ್ನಾನ, ಸಮವಸ್ತ್ರ, ತಲೆಗೂದಲಿನ ಅಲಂಕಾರ ಎಂದರೆ ಏಳುವುದು ಎರಡಕ್ಕೆ.

ಹಾಗಿದ್ದರೆ ಸಂಜೆ ಏಳಕ್ಕೇ ಮಲಗಿಬಿಡಲಿ ಎಂದು ನೀವು ಹೇಳಬಹುದು. ಪ್ರಯತ್ನಿಸಿ ನೋಡಿ. ಸಂಜೆ ಏಳರಿಂದ ಒಂಬತ್ತರವರೆಗೆ ದೇಹದ ಗಡಿಯಾರ ಎಚ್ಚರವನ್ನು ಹಿಡಿದಿಡುತ್ತದೆ. ಹಗಲೆಲ್ಲ ದಣಿದಿದ್ದರೂ ಆಗ ನಿದ್ದೆ ಬರುವುದಿಲ್ಲ. ಹತ್ತಕ್ಕೆ ಕಣ್ಣು ಮುಚ್ಚಿದರೆ ಸಿಗುವುದು ನಾಲ್ಕು ಗಂಟೆ. ಬೇಕಾದದ್ದು ಏಳು. ಹೀಗೆ ಮೂರು ದಿನ ನಡೆದರೆ ಒಂಬತ್ತು ಗಂಟೆ ನಿದ್ದೆಯ ಸಾಲ ಬಿದ್ದಿರುತ್ತದೆ. ಸಾಲಗಾರ ಮಾತ್ರ, ‘ಏನೂ ಆಗಿಲ್ಲ, ಅಭ್ಯಾಸವಾಗಿದೆ’ ಎನ್ನುತ್ತಾನೆ. ನಿದ್ದೆಗೆಟ್ಟವರಿಗೆ ತಮ್ಮ ದಣಿವಿನ ಅಂದಾಜು ತಪ್ಪುತ್ತದೆ ಎಂಬುದು ನಿದ್ರಾಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ.

ಅಲ್ಲಿಂದ ಕೆಲಸ ಆರಂಭ. ಬೆಂಗಳೂರು, ಮುಂಬೈ, ಮತ್ತೆ ಬೆಂಗಳೂರು, ನಂತರ ಕೊಚ್ಚಿ, ಅಲ್ಲಿಂದ ವಾಪಸು. ಇಂಥ ಒಂದೊಂದು ಹಾರಾಟವನ್ನು ಅವರು ಸೆಕ್ಟರ್ ಎನ್ನುತ್ತಾರೆ. ನಾಲ್ಕು ಸೆಕ್ಟರ್ ಎಂದರೆ ನಾಲ್ಕು ಏರಿಕೆ, ನಾಲ್ಕು ಇಳಿಕೆ. ಪೈಲಟ್‌ಗೆ ಅತಿ ಹೆಚ್ಚು ಗಮನ ಬೇಕಾಗುವುದು ಈ ಎರಡು ಹೊತ್ತಿನಲ್ಲೇ. ಮಳೆಗಾಲದ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಪರಿಚಾರಕರಿಗೆ ನಾಲ್ಕು ಸಲ ನೂರೈವತ್ತು, ನೂರೆಂಬತ್ತು ಮಂದಿಯನ್ನು ಕೂರಿಸುವುದು, ಚೀಲ ಎತ್ತಿಡುವುದು, ಬೆಲ್ಟ್ ನೋಡುವುದು. ವಿಮಾನ ಇನ್ನೂ ಮೂತಿ ಮೇಲೆತ್ತಿ ಏರುತ್ತಿರುವಾಗಲೇ ಊಟದ ಗಾಡಿ ತಳ್ಳಲು ಶುರು ಮಾಡಬೇಕು, ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ. ಏರುದಾರಿಯಲ್ಲಿ ತುಂಬಿದ ಗಾಡಿ ತಳ್ಳಿದರೆ ಬೆನ್ನು, ಭುಜ, ಮಂಡಿಗಳಿಗೆ ಪೆಟ್ಟು. ವಿಮಾನ ಇಳಿದು ಮತ್ತೆ ಹೊರಡುವ ನಡುವೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ನಿಂತುಕೊಂಡೇ ನಾಲ್ಕು ತುತ್ತು. ಶೌಚಾಲಯಕ್ಕೆ ಹೋಗಲು ಬಿಡುವಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುವ ಹುಡುಗಿಯರು ಬಹಳ. ಮೂತ್ರದ ಸೋಂಕಿಗೂ ಮೂತ್ರಪಿಂಡದ ಕಲ್ಲಿಗೂ ಇದು ನೇರ ಆಹ್ವಾನ.

ಕಿವಿಯ ಕಷ್ಟವೂ ಹತ್ತಿರದ ಹಾರಾಟದವರಿಗೇ ಹೆಚ್ಚು. ಪ್ರತಿ ಏರಿಳಿತದಲ್ಲಿ ಗಾಳಿಯ ಒತ್ತಡ ಬದಲಾಗುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ತೆರೆದಿದ್ದರೆ ಎರಡೂ ಕಡೆ ಒತ್ತಡ ಸಮವಾಗುತ್ತದೆ. ನೆಗಡಿಯಾದಾಗ ಈ ನಾಳ ಊದಿ ಮುಚ್ಚಿಕೊಳ್ಳುತ್ತದೆ. ಆಗ ನಾಲ್ಕು ಸಲ ಹತ್ತಿ ಇಳಿದರೆ ಕಿವಿತಮಟೆಗೆ ರಕ್ತ ಇಳಿಯಬಹುದು, ತಮಟೆ ಹರಿಯಲೂಬಹುದು. ನೆಗಡಿ ಎಂಬ ‘ಚಿಕ್ಕ’ ಕಾರಣಕ್ಕೆ ರಜೆ ಹಾಕಲು ಹೊಸಬರು ಹೆದರುತ್ತಾರೆ. ಹೆದರಬಾರದು. ನೆಗಡಿಗೆಂದು ಅಂಗಡಿಯಿಂದ ತಂದು ನುಂಗುವ ಎಷ್ಟೋ ಮಾತ್ರೆಗಳು ತೂಕಡಿಕೆ ತರುತ್ತವೆ. ಹಾರುವವರು ಅವನ್ನು ತಾವಾಗಿ ತೆಗೆದುಕೊಳ್ಳಲೇಬಾರದು.

ಇಷ್ಟೆಲ್ಲ ಇದ್ದರೂ ಹತ್ತಿರದ ಹಾರಾಟಕ್ಕೆ ಒಂದು ದೊಡ್ಡ ಅನುಕೂಲವಿದೆ. ಭಾರತದೊಳಗೆ ಎಲ್ಲಿಗೆ ಹೋದರೂ ಗಡಿಯಾರ ಒಂದೇ. ಸೂರ್ಯ ಹುಟ್ಟುವ ಹೊತ್ತಿಗೆ ಬೆಳಕು, ಮುಳುಗುವ ಹೊತ್ತಿಗೆ ಕತ್ತಲೆ. ದೇಹ ಕೆಡಿಸಿಕೊಂಡದ್ದನ್ನು ಎರಡು ರಾತ್ರಿ ಸರಿಯಾಗಿ ಮಲಗಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು.

ಸೂರ್ಯನೇ ಬದಲಾಗುವ ಕೆಲಸ

ದೂರದ ಹಾರಾಟದಲ್ಲಿ ಇಲ್ಲದಿರುವುದೇ ಈ ಅನುಕೂಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದಿಳಿಸಿದ್ದು ನಿಮಗೆ ನೆನಪಿರಬಹುದು. ಸುಮಾರು 17 ಗಂಟೆಯ ಹಾರಾಟ ಅದು. ಎರಡೂ ಊರುಗಳ ಗಡಿಯಾರದ ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಂದರೆ ಇಲ್ಲಿಯ ನಡುರಾತ್ರಿ ಅಲ್ಲಿಯ ನಡುಹಗಲು.

ಇಷ್ಟು ಉದ್ದದ ಹಾರಾಟಕ್ಕೆ ನಾಲ್ವರು ಪೈಲಟ್‌ಗಳು ಏಕೆಂದರೆ, ಇಬ್ಬರು ನಡೆಸುತ್ತಿರುವಾಗ ಉಳಿದಿಬ್ಬರು ಮಲಗಬೇಕು. ಪ್ರಯಾಣಿಕರಿಗೆ ಕಾಣದಂತೆ ವಿಮಾನದ ಮೇಲ್ಭಾಗದಲ್ಲಿ ಸಿಬ್ಬಂದಿಗೆಂದೇ ಸಣ್ಣ ಹಾಸಿಗೆಗಳಿರುತ್ತವೆ. ರೈಲಿನ ಮೇಲಿನ ಬರ್ತ್‌ನಂತೆ ಎಂದುಕೊಳ್ಳಿ. ಸದ್ದು, ಒಣಗಾಳಿ, ಕುಲುಕಾಟಗಳ ನಡುವೆ ಬರುವ ಆ ನಿದ್ದೆ ಮನೆಯ ನಿದ್ದೆಯಷ್ಟು ಗಾಢವಲ್ಲ. ಆದರೂ ಅದು ಹಾಸಿಗೆ, ಯೋಜಿಸಿದ ವಿಶ್ರಾಂತಿ. ಕುರ್ಚಿಯಲ್ಲೇ ಕುಳಿತು ತೂಕಡಿಸುವುದಕ್ಕೂ ಇದಕ್ಕೂ ಬಹಳ ಅಂತರ. ಹತ್ತಿರದ ಹಾರಾಟದ ಪೈಲಟ್‌ಗೆ ಈ ಭಾಗ್ಯವಿಲ್ಲ.

ಕಷ್ಟ ಆರಂಭವಾಗುವುದು ಇಳಿದ ಮೇಲೆ. ದೇಹದ ಗಡಿಯಾರ ಪಶ್ಚಿಮಕ್ಕೆ ಹೋದಾಗ ದಿನಕ್ಕೆ ಸುಮಾರು ಒಂದೂವರೆ ಗಂಟೆ, ಪೂರ್ವಕ್ಕೆ ಹೋದಾಗ ಸುಮಾರು ಒಂದು ಗಂಟೆ ಮಾತ್ರ ಸರಿಹೊಂದಬಲ್ಲುದು. ಪೂರ್ವ ಹೆಚ್ಚು ಕಷ್ಟ, ಏಕೆಂದರೆ ಆಗ ಬೇಗ ಮಲಗಬೇಕು. ಬೇಗ ಮಲಗುವುದು ಎಷ್ಟು ಕಷ್ಟವೆಂದು ಆಗಲೇ ನೋಡಿದೆವು. ಹನ್ನೆರಡು ಗಂಟೆಯ ವ್ಯತ್ಯಾಸ ಸರಿಹೋಗಲು ಒಂದು ವಾರಕ್ಕೂ ಮೇಲೆ ಬೇಕು. ಸಿಬ್ಬಂದಿಗೆ ಅಲ್ಲಿ ಸಿಗುವುದು ಒಂದೆರಡು ದಿನ. ದೇಹ ಅಲ್ಲಿಯ ಸೂರ್ಯನಿಗೆ ತುಸು ತಿರುಗುವಷ್ಟರಲ್ಲಿ ಮತ್ತೆ ಇಲ್ಲಿಗೆ. ಇಲ್ಲಿ ತುಸು ತಿರುಗುವಷ್ಟರಲ್ಲಿ ಮತ್ತೆಲ್ಲಿಗೋ. ಮನೆಗೆ ಬಂದ ಮಗ ನಾಲ್ಕು ದಿನ ಇದ್ದರೂ ಮೊದಲೆರಡು ದಿನ ಹಗಲು ಮಲಗಿ ರಾತ್ರಿ ಎರಡಕ್ಕೆ ಅಡುಗೆಮನೆಯಲ್ಲಿ ಡಬ್ಬ ತಡಕಾಡುವುದು ಇದರಿಂದಲೇ. ಹೊಟ್ಟೆಯ ಗಡಿಯಾರ ಇನ್ನೂ ಅಮೆರಿಕದಲ್ಲಿರುತ್ತದೆ.

ಇದು ಬರೀ ಸುಸ್ತಿನ ಮಾತಲ್ಲ. ವರ್ಷಗಟ್ಟಲೆ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಮತ್ತು ಮಲಗುವವರಲ್ಲಿ ತೂಕ, ರಕ್ತದೊತ್ತಡ, ಮಧುಮೇಹ, ಅಜೀರ್ಣ ಹೆಚ್ಚು. ಮೊದಲೇ ಮಧುಮೇಹಕ್ಕೆ ಒಲಿದ ನಮ್ಮ ಜನರ ದೇಹಕ್ಕೆ ಇದು ಎರಡು ಪಟ್ಟು ಹೊರೆ. ಗಗನಸಖಿಯರಲ್ಲಿ ಮುಟ್ಟಿನ ಏರುಪೇರು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿ ‘ಬಹುಶಃ ಕ್ಯಾನ್ಸರ್ ತರಬಲ್ಲದ್ದು’ ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಎತ್ತಿಹಿಡಿಯಿತು. ಇದು ವಿಮಾನದವರಿಗಷ್ಟೇ ಅಲ್ಲ, ಕಾಲ್ ಸೆಂಟರಿನಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ರಾತ್ರಿ ದುಡಿಯುವ ನಿಮ್ಮ ಮನೆಯವರಿಗೂ ಅನ್ವಯಿಸುವ ಮಾತು.

ವಿಕಿರಣದ ಭಯ ಎಷ್ಟು ನಿಜ?

ಆಕಾಶದ ಆಳದಿಂದ ಬರುವ ವಿಶ್ವಕಿರಣಗಳನ್ನು ನಮ್ಮ ವಾತಾವರಣ ತಡೆಯುತ್ತದೆ. ಎತ್ತರಕ್ಕೆ ಹೋದಷ್ಟೂ ಈ ಛತ್ರಿ ತೆಳುವಾಗುತ್ತದೆ. ಧ್ರುವದ ಕಡೆಗೆ ಭೂಮಿಯ ಕಾಂತಕ್ಷೇತ್ರದ ರಕ್ಷಣೆಯೂ ಕಡಿಮೆ. ಆದ್ದರಿಂದ ಧ್ರುವದ ದಾರಿಯ ದೂರದ ಹಾರಾಟದಲ್ಲಿ ವಿಕಿರಣ ಹೆಚ್ಚು, ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ದೇಶದೊಳಗಿನ ಹಾರಾಟದಲ್ಲಿ ಕಡಿಮೆ. ನೆಲದ ಮೇಲಿರುವ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ವಿಮಾನ ಸಿಬ್ಬಂದಿಗೆ ಇದರ ಮೇಲೆ ಸಾಮಾನ್ಯವಾಗಿ 2ರಿಂದ 5 ಮಿಲಿಸೀವರ್ಟ್ ಸೇರುತ್ತದೆ. ಎಕ್ಸ್-ರೇ ವಿಭಾಗದಂಥ ಕಡೆ ಕೆಲಸ ಮಾಡುವವರಿಗೆ ಹಾಕಿರುವ ಮಿತಿ ವರ್ಷಕ್ಕೆ ಸರಾಸರಿ 20. ಹೀಗಾಗಿ ಗಾಬರಿಗೆ ಕಾರಣವಿಲ್ಲ, ಅಲಕ್ಷ್ಯಕ್ಕೂ ಕಾರಣವಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದವರು ಐದು ಸಾವಿರಕ್ಕೂ ಹೆಚ್ಚು ಅಮೆರಿಕನ್ ವಿಮಾನ ಪರಿಚಾರಕರನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸ್ತನ ಕ್ಯಾನ್ಸರ್ ಮತ್ತು ಚರ್ಮದ ಕ್ಯಾನ್ಸರ್‌ಗಳು ಸಾಮಾನ್ಯ ಜನರಿಗಿಂತ ಅವರಲ್ಲಿ ಹೆಚ್ಚಾಗಿ ಕಂಡವು. ಇದರಲ್ಲಿ ವಿಕಿರಣದ ಪಾಲೆಷ್ಟು, ಕೆಟ್ಟ ನಿದ್ದೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಹಾರುವ ಹೆಣ್ಣುಮಕ್ಕಳು ಸ್ತನ ಪರೀಕ್ಷೆಯನ್ನು ವಾಡಿಕೆ ಮಾಡಿಕೊಳ್ಳುವುದಕ್ಕೆ ಇಷ್ಟು ಕಾರಣ ಸಾಕು. ಗರ್ಭ ನಿಂತದ್ದು ತಿಳಿದೊಡನೆ ಸಂಸ್ಥೆಗೆ ತಿಳಿಸಬೇಕು. ಗರ್ಭದ ಶಿಶುವಿಗೆ ಅಂತರರಾಷ್ಟ್ರೀಯ ತಜ್ಞರು ಹೇಳಿರುವ ಮಿತಿ 1 ಮಿಲಿಸೀವರ್ಟ್ ಮಾತ್ರ. ‘ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ’ ಎಂಬ ಮನೆಯ ರೂಢಿಯನ್ನು ಇಲ್ಲಿ ಬದಿಗಿಡಿ. ನೆಂಟರಿಗೆ ಹೇಳದಿದ್ದರೂ ಸರಿ, ಸಂಸ್ಥೆಯ ವೈದ್ಯರಿಗೆ ಹೇಳಲೇಬೇಕು.

ಇನ್ನು ವಿಮಾನದೊಳಗಿನ ಗಾಳಿ ಇಬ್ಬರಿಗೂ ಒಂದೇ. ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಂತೆ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಿಂದ ಊಟಿಯ ಎತ್ತರದವರೆಗೆ. ತೇವಾಂಶ ಮಾತ್ರ ಬೆಟ್ಟದ ಮಂಜಿನಂತಲ್ಲ, ಶೇಕಡ 20ಕ್ಕಿಂತ ಕಡಿಮೆ. ಮೂಗು, ಗಂಟಲು, ಚರ್ಮ ಒಣಗುತ್ತವೆ. ದೂರದ ಹಾರಾಟದಲ್ಲಿ ಇದನ್ನು ಹತ್ತು, ಹದಿನೇಳು ಗಂಟೆ ಸಹಿಸಬೇಕು, ಅಷ್ಟೇ ವ್ಯತ್ಯಾಸ.

ಅತ್ತ ಪ್ರಯಾಣಿಕರಾಗಿ ಹೋಗುವ ನಿಮಗೂ ಒಂದು ಮಾತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಜ್ಜಿಯರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಅದು ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ ಮಾತ್ರ. ರೈಲು, ಬಸ್ಸುಗಳಿಗೂ ಇದು ಅನ್ವಯ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಪಾದ ಆಡಿಸುತ್ತಿರಿ. ಗುಳಿಗೆಗಳು ಕೈಚೀಲದಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಹೊಸ ಗಡಿಯಾರಕ್ಕೆ ಹೊತ್ತು ಬದಲಿಸುವ ಬಗೆಯನ್ನು ಹೊರಡುವ ಮುನ್ನವೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ಯಾವುದನ್ನು ಆರಿಸಬೇಕು?

ವೃತ್ತಿಯ ದೃಷ್ಟಿಯಿಂದಲೂ ಒಂದು ವ್ಯತ್ಯಾಸವಿದೆ. ತಿಂಗಳಿಗೆ ಎಂಬತ್ತು ಗಂಟೆ ಹಾರಾಟ ಎಂದುಕೊಳ್ಳಿ. ಹತ್ತಿರದ ಹಾರಾಟದವರು ಐವತ್ತಕ್ಕೂ ಹೆಚ್ಚು ಸಲ ಏರಿ ಇಳಿದಿರುತ್ತಾರೆ. ದೂರದವರು ಎರಡು ಮೂರು ಸಲ ಹೋಗಿ ಬಂದಿರುತ್ತಾರೆ. ಅದರಲ್ಲೂ ನಾಲ್ವರಿದ್ದರೆ ವಿಮಾನ ಇಳಿಸುವ ಸರದಿ ಎಲ್ಲರಿಗೂ ಬರುವುದಿಲ್ಲ. 90 ದಿನಗಳಲ್ಲಿ ಮೂರು ಸಲವಾದರೂ ಏರಿಸಿ ಇಳಿಸಿರಬೇಕು ಎಂಬ ನಿಯಮಕ್ಕಾಗಿ ಕೆಲವರು ಕೃತಕ ಕಾಕ್‌ಪಿಟ್ಟಿನಲ್ಲಿ ಅಭ್ಯಾಸ ಮಾಡಬೇಕಾಗುತ್ತದೆ. ಕೈ ಪಳಗಬೇಕಾದ ವಯಸ್ಸಿನಲ್ಲಿ ಹತ್ತಿರದ ಹಾರಾಟ ಒಳ್ಳೆಯ ಗುರುಕುಲ.

ಆರೋಗ್ಯದ ದೃಷ್ಟಿಯಿಂದ ನನ್ನ ಅಭಿಪ್ರಾಯ ಇದು: ಹಗಲಿನಲ್ಲಿ ಆರಂಭವಾಗಿ ರಾತ್ರಿಗೆ ಮುಗಿಯುವ ಹತ್ತಿರದ ಹಾರಾಟ ಎಲ್ಲಕ್ಕಿಂತ ಮೇಲು. ನಡುವೆ ಸಾಕಷ್ಟು ಬಿಡುವಿರುವ ದೂರದ ಹಾರಾಟ ಎರಡನೆಯದು. ನಸುಕಿನ ಹಾರಾಟಗಳನ್ನು ಸಾಲಾಗಿ ನಾಲ್ಕೈದು ದಿನ ಹಾಕುವ ಪಟ್ಟಿ ಅದಕ್ಕಿಂತ ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ಸಂಜೆ ಹೊರಟು, ಕೊಲ್ಲಿ ದೇಶಕ್ಕೆ ಮುಟ್ಟಿ, ಹೋಟೆಲಿನಲ್ಲೂ ಮಲಗದೆ ರಾತ್ರಿಯೇ ಹಿಂತಿರುಗುವ ಕೆಲಸ, ಮರುದಿನ ಬಿಟ್ಟು ಆಚೆ ದಿನ ಮತ್ತೆ ನಸುಕಿನ ಪಾಳಿ. ನೋಡಲು ಅದು ‘ಹತ್ತಿರದ ಫಾರಿನ್’. ಗಡಿಯಾರದ ವ್ಯತ್ಯಾಸವೂ ಒಂದೂವರೆ ಎರಡೂವರೆ ಗಂಟೆ ಅಷ್ಟೇ. ಆದರೆ ಇಡೀ ರಾತ್ರಿಯ ನಿದ್ದೆ ಹೋಗಿರುತ್ತದೆ, ನಾಲ್ವರ ಬದಲು ಇಬ್ಬರೇ ಇರುತ್ತಾರೆ, ಹಾಸಿಗೆ ಇರುವುದಿಲ್ಲ.

ಸರ್ಕಾರಕ್ಕೂ ಇದು ತಡವಾಗಿಯಾದರೂ ಹೊಳೆದಿದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯ 2024ರ ಜನವರಿಯಲ್ಲಿ ಪೈಲಟ್‌ಗಳ ಕೆಲಸದ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ‘ರಾತ್ರಿ’ ಎಂದರೆ ಹನ್ನೆರಡರಿಂದ ಐದರ ಬದಲು ಆರರವರೆಗೆ ಎಂದಾಯಿತು. ರಾತ್ರಿಯ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಇವು 2025ರ ಜುಲೈ ಮತ್ತು ನವೆಂಬರ್ ತಿಂಗಳಲ್ಲಿ ಎರಡು ಹಂತವಾಗಿ ಜಾರಿಗೆ ಬಂದವು. ಡಿಸೆಂಬರಿನಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ಪರದಾಡಿದರು. ಆ ಸಂಸ್ಥೆಗೆ ಕೆಲವು ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಡಬೇಕಾಯಿತು. ಆಗ ಹಲವರು ನಿಯಮವನ್ನೇ ಬೈದರು. ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧಪಡಿಸಿಕೊಳ್ಳದಿದ್ದುದು ನಿಯಮದ ತಪ್ಪಲ್ಲ.

ಕೆಲಸಕ್ಕೆ ಸೇರುವ ಮುನ್ನ ನಿಮ್ಮ ಮಕ್ಕಳು ಆ ಸಂಸ್ಥೆಯ ಹಿರಿಯರನ್ನು ಕೇಳಬೇಕಾದದ್ದು ಇಷ್ಟು: ಸಾಲಾಗಿ ಎಷ್ಟು ರಾತ್ರಿ, ಎಷ್ಟು ನಸುಕು ಹಾಕುತ್ತಾರೆ? ಕೆಲಸದ ಪಟ್ಟಿ ಎಷ್ಟು ದಿನ ಮೊದಲು ಕೈಗೆ ಬರುತ್ತದೆ? ದಣಿದಿದ್ದೇನೆ ಎಂದರೆ ಏನು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿ ಬಂದರೆ ಅರ್ಥ ಮಾಡಿಕೊಳ್ಳಿ.

ಮನೆಯವರ ಕೈಯಲ್ಲಿರುವುದು

ನಮ್ಮ ಮನೆಗಳಲ್ಲಿ ಹಗಲು ಮಲಗುವುದು ಸೋಮಾರಿತನ. ದೀಪ ಹಚ್ಚುವ ಹೊತ್ತಿನಲ್ಲಿ ಮಲಗಿದರಂತೂ ಅಜ್ಜಿ ಬಂದು ಎಬ್ಬಿಸುತ್ತಾರೆ. ಹಾರುವವರಿರುವ ಮನೆಯಲ್ಲಿ ಈ ಪದ್ಧತಿಗೆ ವಿನಾಯಿತಿ ಬೇಕು. ರಾತ್ರಿ ಹಾರಾಟವಿರುವ ದಿನ ಸಂಜೆಗೆ ಮುನ್ನ ಒಂದೂವರೆ ಗಂಟೆ ಮಲಗಿ ಹೊರಟವರು ನಸುಕಿನಲ್ಲಿ ಹೆಚ್ಚು ಎಚ್ಚರವಾಗಿರುತ್ತಾರೆ. ಕೋಣೆಗೆ ದಪ್ಪ ಪರದೆ ಹಾಕಿ. ಕರೆಗಂಟೆ, ಕುಕ್ಕರಿನ ಸೀಟಿ, ಟಿವಿ, ಫೋನುಗಳಿಂದ ಆ ಬಾಗಿಲನ್ನು ಕಾಪಾಡಿ. ‘ಐದೇ ನಿಮಿಷ, ಮಾವ ಬಂದಿದ್ದಾರೆ, ಮಾತಾಡಿಸಿ ಮಲಗು’ ಎಂದು ಎಬ್ಬಿಸಬೇಡಿ. ಒಮ್ಮೆ ಕೆಟ್ಟ ಹಗಲು ನಿದ್ದೆ ಮತ್ತೆ ಹಿಡಿಯುವುದು ಕಷ್ಟ.

ನಡುರಾತ್ರಿ ಹೊರಡುವವರಿಗೆ ಪೂರಿ, ಬಿಸಿಬೇಳೆ ಭಾತು ಬಡಿಸಿ ಪ್ರೀತಿ ತೋರಿಸುವುದು ಬೇಡ. ಆ ಹೊತ್ತಿನಲ್ಲಿ ಜಠರ ನಿದ್ದೆಯಲ್ಲಿರುತ್ತದೆ. ಮೊಸರನ್ನ, ಇಡ್ಲಿ, ಹಣ್ಣು ಸಾಕು. ಚಿಕ್ಕ ಡಬ್ಬಿಯಲ್ಲಿ ಹುರಿದ ಕಡಲೆ ಕಟ್ಟಿಕೊಟ್ಟರೆ ವಿಮಾನದ ಚಿಪ್ಸ್, ಬಿಸ್ಕತ್ತು ತಪ್ಪುತ್ತದೆ. ಕಾಫಿ ಕೆಲಸದ ಮೊದಲ ಭಾಗಕ್ಕೆ ಇರಲಿ. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಯಾದರೂ ರಕ್ತದಲ್ಲಿ ಉಳಿದಿರುತ್ತದೆ, ಮನೆಗೆ ಬಂದು ಮಲಗುವ ನಿದ್ದೆಯನ್ನು ಅದು ಕಡಿಯುತ್ತದೆ. ಹೊರದೇಶದ ಹೋಟೆಲಿನಲ್ಲಿ ನಿದ್ದೆಗಾಗಿ ಮದ್ಯ ಕುಡಿಯುವ ಚಾಳಿ ಇನ್ನೂ ಕೆಟ್ಟದ್ದು. ಅದು ಬೇಗ ಮಲಗಿಸುತ್ತದೆ, ನಡುವೆ ಎಬ್ಬಿಸುತ್ತದೆ. ಮೆಲಟೋನಿನ್ ಆಗಲಿ, ನಿದ್ದೆ ಮಾತ್ರೆಯಾಗಲಿ ವಿಮಾನ ಸಿಬ್ಬಂದಿಯ ವೈದ್ಯರ ಒಪ್ಪಿಗೆಯಿಲ್ಲದೆ ಬೇಡ.

ಜೋರಾದ ಗೊರಕೆ, ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ರಜೆಯ ದಿನವೂ ಕುಳಿತಲ್ಲೇ ತೂಕಡಿಕೆ, ಕಾರಣವಿಲ್ಲದೆ ಸಿಡುಕುವುದು, ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿರುವುದು ಇವುಗಳನ್ನು ಮೊದಲು ಕಾಣುವವರು ಹೆಂಡತಿ, ಗಂಡ, ತಾಯಿ. ವರ್ಷಕ್ಕೊಮ್ಮೆ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಲೈಸೆನ್ಸ್ ಹೋದೀತೆಂಬ ಹೆದರಿಕೆಯಿಂದ ಪೈಲಟ್‌ಗಳು ಇಂಥದ್ದನ್ನು ಮುಚ್ಚಿಡುವುದುಂಟು. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಬಗ್ಗುತ್ತವೆ, ಚಿಕಿತ್ಸೆಯ ನಂತರ ಮತ್ತೆ ಹಾರಲು ಅನುಮತಿ ಸಿಗುತ್ತದೆ. ಬೆಂಗಳೂರಿನಲ್ಲಿ ವಾಯುಪಡೆ 1957ರಲ್ಲಿ ಆರಂಭಿಸಿದ, ಈಗ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಎನಿಸಿರುವ ಕೇಂದ್ರದಲ್ಲಿ ಇದನ್ನೇ ಓದಿದ ತಜ್ಞರಿದ್ದಾರೆ. ಹಾರುವವರ ಕಾಯಿಲೆಯನ್ನು ಹಾರಾಟ ಬಲ್ಲ ವೈದ್ಯರಿಗೆ ತೋರಿಸುವುದೇ ಲೇಸು.

ಇನ್ನು ರಾತ್ರಿಯಿಡೀ ಹಾರಿ ಬೆಳಿಗ್ಗೆ ಇಳಿದವರು ದೇವನಹಳ್ಳಿಯಿಂದ ಮನೆಗೆ ತಾವೇ ಕಾರು ಓಡಿಸಿಕೊಂಡು ಬರುವುದು ಬೇಡ. ಸಂಸ್ಥೆಯ ವಾಹನವಿದ್ದರೆ ಅದರಲ್ಲಿ, ಇಲ್ಲವಾದರೆ ಟ್ಯಾಕ್ಸಿಯಲ್ಲಿ ಬರಲಿ. ಬಂದವರೇ ಬಿಸಿಲು ಕಣ್ಣಿಗೆ ಬೀಳದಂತೆ ಕನ್ನಡಕ ಹಾಕಿಕೊಂಡು ಒಳಗೆ ಹೋಗಿ ಮಲಗಲಿ. ಸಮಾಚಾರವನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕೇಳಬಹುದು.